ಮಂಕರಿಯ ಕೆಳಗೆ

ಕೋಗಿಲು
12-8-2024

ಮೂರನೆಯ ಮಹಡಿಯ ಹಿಂದಿನ ಮನೆಯವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕ್ಷೇಮ ವಿಚಾರಿಸುವುದಕ್ಕೆ ಬರೆದ ಕಾಗದವೂ ಇದಲ್ಲ. ನೀವು ಬಟ್ಟೆ ಒಣಗಿಸುವ ಬಾಲ್ಕನಿಯ ನೇರ ಕೆಳಗೆ ಒಂದು ಹೆಂಚಿನ ಮನೆ ಇದೆ. ಅದರ ಹಿತ್ತಿಲಲ್ಲಿ ನುಗ್ಗೆಮರ, ಕಲ್ಲಿನ ತೊಟ್ಟಿ, ನಾಟಿ ಕೋಳಿಗಳು ಇವೆ. ಆ ಮನೆಯ ಯಜಮಾನಿ ನಾನು.

ಒಂದು ತಿಂಗಳಿಂದ ನಿಮ್ಮ ಮನೆಯ ಊಟ ನಮ್ಮ ಹಿತ್ತಿಲಿಗೆ ಬೀಳುತ್ತಿದೆ. ಚಪಾತಿ, ಮೊಸರನ್ನ, ಬೇಯಿಸಿದ ಕ್ಯಾರೆಟ್. ಮೊನ್ನೆ ನೆನೆಸಿ ಸಿಪ್ಪೆ ಸುಲಿದ ಬಾದಾಮಿ ಬಿತ್ತು. "ನಮ್ ಕೋಳಿಗಳು ಬಾದಾಮಿ ತಿಂತಾವೆ ಕಣಮ್ಮ, ನಮಗೆ ಕಳ್ಳೇಕಾಯಿಗೂ ಗತಿ ಇಲ್ಲ" ಎಂದು ನನ್ನ ಮಗ ಯೋಗಾನಂದ ನಗುತ್ತಾನೆ. ನನಗೆ ನಗು ಬರುವುದಿಲ್ಲ. ಅನ್ನ ಕಂಡಲ್ಲಿ ಕಾಗೆ, ಕಾಗೆ ಕಂಡಲ್ಲಿ ಹದ್ದು. ಬಂದ ಹದ್ದು ಚಪಾತಿ ತಿಂದು ಹೋಗುವುದಿಲ್ಲ, ಮರಿ ಎತ್ತಿಕೊಂಡು ಹೋಗುತ್ತದೆ. ಈ ಸಲ ಒಡೆದ ಮರಿಗಳಲ್ಲಿ ಆಗಲೇ ನಾಲ್ಕು ಇಲ್ಲ.

ಮೇಲೆ ಬಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಮ್ಮ ಕಟ್ಟಡ ನಿಂತಿರುವ ಜಾಗ ನಮ್ಮ ರಾಗಿ ಕಣವಾಗಿತ್ತು. ನನ್ನ ಮೈದುನ ನನ್ನನ್ನು ಒಂದು ಮಾತೂ ಕೇಳದೆ, ತನ್ನ ಪಾಲು ಎಂದು ಬಿಲ್ಡರಿಗೆ ಬರೆದುಕೊಟ್ಟ. ಆ ನೆಲಕ್ಕೆ ಕಾಲಿಡುವುದಿಲ್ಲ ಎಂದು ಅಂದೇ ಹೇಳಿದ್ದೇನೆ. ಇಟ್ಟಿಲ್ಲ. ಹಿತ್ತಿಲಲ್ಲಿ ನಿಂತು ಮೂರು ಮಹಡಿಗೆ ಕೇಳುವ ಹಾಗೆ ಕೂಗುವುದು ನನ್ನ ಮರ್ಯಾದೆಗೆ ತಕ್ಕದ್ದಲ್ಲ. ಅದಕ್ಕೇ ಈ ಕಾಗದ. ನನ್ನ ಸೊಸೆ ನಿಮ್ಮ ಬಾಗಿಲ ಕೆಳಗೆ ತೂರಿಸಿ ಬರುತ್ತಾಳೆ.

ಇನ್ನು ಮೇಲೆ ಒಂದು ಅಗುಳೂ ಬೀಳಕೂಡದು.

ಶ್ರೀರಾಮಪ್ಪನವರ ಮನೆಯ
ಮುನಿಯಲ್ಲಮ್ಮ


16-8-2024

ಕೆಳಗಿನ ಮನೆಯ ಅಜ್ಜಿಯವರಿಗೆ ನಮಸ್ಕಾರ.

ಊಟ ಎಸೆದದ್ದು ನಾನು. ಅಮ್ಮನಿಗೆ ಗೊತ್ತಿಲ್ಲ, ದಯವಿಟ್ಟು ಅವರಿಗೆ ಹೇಳಬೇಡಿ. ನಿಮ್ಮ ಕಾಗದ ಬಾಗಿಲ ಕೆಳಗಿನಿಂದ ಬಂದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ, ನನ್ನ ಪುಣ್ಯ. ನಿಮ್ಮ ಕೋಳಿಗಳು ಓಡಿ ಬಂದು ತಿನ್ನುವುದನ್ನು ನೋಡಲು ಚೆನ್ನಾಗಿರುತ್ತಿತ್ತು. ನಾನು ತಿಂದರೆ ಯಾರೂ ಅಷ್ಟು ಸಂತೋಷಪಡುವುದಿಲ್ಲ. ಇನ್ನು ಎಸೆಯುವುದಿಲ್ಲ.

ಆದರೆ ಒಂದು ವಿಷಯ ಹೇಳಬೇಕು. ಮರಿಗಳನ್ನು ಒಯ್ಯುತ್ತಿರುವುದು ಹದ್ದಲ್ಲ. ಇಲ್ಲಿಂದ ನನಗೆ ನಿಮ್ಮ ಹಿತ್ತಿಲು ಪೂರ್ತಿ ಕಾಣುತ್ತದೆ. ಮಧ್ಯಾಹ್ನ ನೀವು ಒಳಗೆ ಮಲಗಿದಾಗ, ಬಚ್ಚಲ ನೀರು ಹೊರಗೆ ಹೋಗುವ ತೂತಿನಿಂದ ಉದ್ದನೆಯ ಕಂದು ಪ್ರಾಣಿಯೊಂದು ಬರುತ್ತದೆ. ಬಾಲ ದಪ್ಪ. ತೊಟ್ಟಿಯ ಹಿಂದೆ ಅಲುಗಾಡದೆ ಕಾಯುತ್ತದೆ. ಕೋಳಿ ಮಣ್ಣು ಕೆದಕುತ್ತಾ ಆ ಕಡೆ ಬಂದಾಗ ಒಂದೇ ಒಂದು ಮರಿಯನ್ನು ಕಚ್ಚಿಕೊಂಡು ಅದೇ ತೂತಿನಿಂದ ಹೋಗುತ್ತದೆ. ಆಮೇಲೆ ಕಾಗೆಗಳು ಕಿರುಚುತ್ತವೆ. ನೀವು ಎದ್ದು ಬಂದು ಆಕಾಶ ನೋಡುತ್ತೀರಿ.

ಇದನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದ್ದೇನೆ. ಉತ್ತರ ಬರೆಯುವುದಾದರೆ ಅದರಲ್ಲಿ ಹಾಕಿ ಹಗ್ಗ ಜಗ್ಗಿ. ಅಮ್ಮ ಆರು ಗಂಟೆಗೆ ಬರುತ್ತಾರೆ, ಅದಕ್ಕೆ ಮುಂಚೆ.

ಹರ್ಷಿತಾ


ಕೋಗಿಲು
20-8-2024

ಹರ್ಷಿತಾಳಿಗೆ,

ನೀನು ನೋಡಿದ್ದು ಮುಂಗುಸಿ. ಮದುವೆಯಾಗಿ ಬಂದ ದಿನದಿಂದ ಕೋಳಿ ಸಾಕಿದವಳಿಗೆ ಮೂರನೆಯ ಮಹಡಿಯ ಹುಡುಗಿ ಹೇಳಿಕೊಡಬೇಕಾಯಿತು. ಬಚ್ಚಲ ತೂತಿಗೆ ಕಬ್ಬಿಣದ ಜಾಲರಿ ಹೊಡೆಸಿದೆ. ಮುಂಗುಸಿಯನ್ನು ಹೊಡೆಯುವ ಹಾಗಿಲ್ಲವಂತೆ, ಫಾರೆಸ್ಟಿನವರು ಕೇಸು ಹಾಕುತ್ತಾರಂತೆ. "ಮುಂಗ್ಸಿ ಮುಖ ನೋಡಿದ್ರೆ ಒಳ್ಳೇದಾಗ್ತದೆ ಅಂತೀಯಲ್ಲಮ್ಮ, ದಿನಾ ನೋಡು" ಎಂದ ಯೋಗಾನಂದ. ಅವನಿಗೆ ಎಲ್ಲವೂ ತಮಾಷೆ.

ಹಾಗೆಂದು ಹದ್ದು ಸಾಧು ಎಂದು ತಿಳಿಯಬೇಡ. ನಮ್ಮ ಅತ್ತೆ ಮಾಡುತ್ತಿದ್ದ ಹಾಗೆ ಮರಿಗಳ ಬೆನ್ನಿಗೆಲ್ಲ ಗುಲಾಬಿ ಬಣ್ಣ ಹಚ್ಚಿದ್ದೇನೆ. ಬಣ್ಣದ ಮರಿಯನ್ನು ತಿನ್ನುವ ವಸ್ತು ಎಂದು ಹದ್ದು ತಿಳಿಯುವುದಿಲ್ಲ. ಬೆಕ್ಕಿಗೆ ಮಾತ್ರ ಯಾವ ಬಣ್ಣವೂ ನಾಟುವುದಿಲ್ಲ, ಅದಕ್ಕೆ ಕೋಲೇ ಆಗಬೇಕು.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ವಾರವೆಲ್ಲ ಹಗಲು ಹೊತ್ತು ಬಾಲ್ಕನಿಯಲ್ಲಿ ನಿಂತು ಏನು ಮಾಡುತ್ತೀಯೆ? ಕಾಲೇಜಿಲ್ಲವೆ? ನಿನ್ನ ವಯಸ್ಸಿನವರು ಫೋನು ಬಿಟ್ಟು ಕಾಗದ ಬರೆಯುವುದು ಎಂದರೇನು?

ಮುನಿಯಲ್ಲಮ್ಮ


6-9-2024

ಅಜ್ಜಿಯವರಿಗೆ,

ಗುಲಾಬಿ ಮರಿಗಳನ್ನು ನೋಡಿ ತುಂಬಾ ದಿನಗಳ ಮೇಲೆ ನಕ್ಕೆ. ಮೇಲಿನಿಂದ ನೋಡಿದರೆ ಯಾರೋ ಬೊಂಬಾಯಿ ಮಿಠಾಯಿ ಚೆಲ್ಲಿದ ಹಾಗೆ ಕಾಣುತ್ತದೆ.

ನಾನು ಪಿಯುಸಿ ಮುಗಿಸಿ ಒಂದು ವರ್ಷವಾಯಿತು. ಡಾಕ್ಟರ್ ಸೀಟಿಗಾಗಿ ಬರೆಯುವ ನೀಟ್ ಪರೀಕ್ಷೆಯಲ್ಲಿ ಅಂಕ ಸಾಲಲಿಲ್ಲ. ಮೇ ತಿಂಗಳಲ್ಲಿ ಮತ್ತೆ ಬರೆಯಬೇಕು. ಅಪ್ಪನಿಗೆ ಹೊಸೂರಿನಲ್ಲಿ ಕೆಲಸ, ಶನಿವಾರ ಬರುತ್ತಾರೆ. ಅಮ್ಮ ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ. ನನ್ನ ಫೋನು ಅವರ ಬ್ಯಾಗಿನಲ್ಲೇ ಇರುತ್ತದೆ. ಭಾನುವಾರ ಮಾತ್ರ ಟೆಸ್ಟ್ ಬರೆಯಲು ಹೊರಗೆ ಹೋಗುತ್ತೇನೆ, ಅಮ್ಮ ಜೊತೆಗಿರುತ್ತಾರೆ. ಬಾದಾಮಿ ಜ್ಞಾಪಕಶಕ್ತಿಗೆ ಕೊಡುವುದು.

ನೀವು ಮಲಗುವ ಹೊತ್ತಿನಲ್ಲಿ ನಾನು ಹಿತ್ತಿಲು ಕಾಯುತ್ತೇನೆ. ಏನಾದರೂ ಬಂದರೆ ಸ್ಟೀಲ್ ತಟ್ಟೆ ಬಡಿಯುತ್ತೇನೆ. ಕೋಳಿಗಳಿಗೆ ಹೆಸರಿದೆಯೆ?

ಹರ್ಷಿತಾ


ಕೋಗಿಲು
18-10-2024

ಹರ್ಷಿತಾಳಿಗೆ,

ತಟ್ಟೆಯ ಸದ್ದಿಗೆ ಎರಡು ಸಲ ಎದ್ದು ಬಂದೆ. ಒಮ್ಮೆ ಬೆಕ್ಕು, ಒಮ್ಮೆ ಬೀದಿ ನಾಯಿ. ಮರಿಗಳು ಉಳಿದವು. ನೀನು ಮಾಡಿದ್ದು ಉಪಕಾರ, ಇಲ್ಲವೆನ್ನುವುದಿಲ್ಲ. ಸಾರಿಗೆ ಹೋಗುವ ಕೋಳಿಗೆ ನಮ್ಮಲ್ಲಿ ಹೆಸರಿಡುವುದಿಲ್ಲ.

ಆದರೆ ನನಗೆ ಬಾಯಿ ತುದಿಯ ಮಾತು ಬರುವುದಿಲ್ಲ. ನಾನು ನಮ್ಮ ತವರೂರಿನ ಹೆಣ್ಣುಮಕ್ಕಳಲ್ಲಿ ಎಸ್ಸೆಸ್ಸೆಲ್ಸಿ ತನಕ ಹೋದ ಮೊದಲನೆಯವಳು. ಮುಂದೆ ಓದುತ್ತೇನೆ ಎಂದಾಗ ಪುಸ್ತಕ ಅಟ್ಟಕ್ಕೆ ಹಾಕಿ ಧಾರೆ ಎರೆದರು. ನಿನ್ನ ತಾಯಿ ನಿನ್ನನ್ನು ಓದು ಎಂದು ಬೀಗ ಹಾಕುತ್ತಾಳೆ. ಇಂಥ ಬೀಗಕ್ಕೆ ನಾನಾಗಿದ್ದರೆ ಕೈ ಮುಗಿಯುತ್ತಿದ್ದೆ. ಅವಳು ಮಾಡುವುದು ಸರಿ.

ಕಳೆದ ವಾರ ಹಾಲಿನ ಬೂತಿನ ಹತ್ತಿರ ನಿನ್ನ ತಾಯಿಯನ್ನು ನೋಡಿದೆ. ಬುಟ್ಟಿಯ ವಿಷಯ ಹೇಳಲಿಲ್ಲ. "ನಿಮ್ ಹುಡ್ಗಿ ಹಗಲೆಲ್ಲ ಬಾಲ್ಕನಿಯಾಗೇ ನಿಂತಿರ್ತಾಳೆ ಕಣಮ್ಮ, ಓದಿನ ಕಡೆ ಗಮನ ಕೊಡ್ಸಿ" ಎಂದಷ್ಟೇ ಹೇಳಿದೆ. ಹಿರಿಯರು ಕಂಡದ್ದನ್ನು ಹೇಳಬೇಕು. ನಿನಗೆ ಬೇಸರವಾಗಬಹುದು. ಡಾಕ್ಟರಾದ ಮೇಲೆ ನನ್ನ ಮಂಡಿ ನೋವಿಗೆ ಔಷಧಿ ಬರೆದುಕೊಡುವಾಗ ನೆನೆಸಿಕೊಳ್ಳುತ್ತೀಯೆ.

ಇನ್ನು ಕೋಳಿ ಕಾಯುವ ಕೆಲಸ ಬಿಡು. ಅದಕ್ಕೆ ನಾನಿದ್ದೇನೆ.

ಮುನಿಯಲ್ಲಮ್ಮ


ಕೋಗಿಲು
25-11-2024

ಹರ್ಷಿತಾಳಿಗೆ,

ದೀಪಾವಳಿ ಕಳೆದು ಇಷ್ಟು ದಿನವಾದರೂ ಬುಟ್ಟಿ ಇಳಿದಿಲ್ಲ. ನಿಮ್ಮ ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟಿದ್ದಾರೆ, ಬಾಗಿಲಿಗೆ ಪರದೆ ಬಿದ್ದಿದೆ. ಬಟ್ಟೆ ಹಾಕಲು ಸಂಜೆ ನಿನ್ನ ತಾಯಿಯೇ ಬರುತ್ತಾಳೆ. ಓದಿನಲ್ಲಿ ಮುಳುಗಿದ್ದೀಯೆ ಎಂದುಕೊಂಡಿದ್ದೇನೆ. ಕೋಪ ಮಾಡಿಕೊಂಡಿದ್ದರೆ ಅದೂ ನಿನ್ನ ಇಷ್ಟ.

ಈ ಕಾಗದವನ್ನು ಬಾಗಿಲ ಕೆಳಗೆ ಹಾಕಿಸುವುದಿಲ್ಲ, ಬೇರೆ ಯಾರ ಕೈಗಾದರೂ ಸಿಕ್ಕೀತು. ಬುಟ್ಟಿ ಬಂದ ದಿನ ಹಾಕುತ್ತೇನೆ.

ಕಪ್ಪು ಮಚ್ಚೆಯ ಹೇಟೆ ಕೋಳಿ ಕಾವಿಗೆ ಕೂತಿದೆ. ಮುಂಗುಸಿ ಜಾಲರಿ ನೋಡಿ ಹಿಂದೆ ಹೋಗಿ, ಈಗ ನಿಮ್ಮ ಕಾಂಪೌಂಡು ಗೋಡೆ ಹತ್ತಿ ಬರುವುದನ್ನು ಕಲಿತಿದೆ. ಮೂರು ಕಡೆ ನಿಮ್ಮಂಥ ಕಟ್ಟಡಗಳ ಗೋಡೆ ಎದ್ದ ಮೇಲೆ ಅದಕ್ಕಾದರೂ ಹೋಗಲು ಬೇರೆ ಜಾಗವೆಲ್ಲಿ? ಮಧ್ಯಾಹ್ನ ತಟ್ಟೆ ಬಡಿಯುವವರಿಲ್ಲ. ಮರಿ ಒಡೆದ ಮೇಲೆ ಈ ಸಲ ತಾಯಿ ಮರಿ ಎಲ್ಲವನ್ನೂ ಮಂಕರಿ ಕವುಚಿ ಅದರ ಕೆಳಗೇ ಇಡುತ್ತೇನೆ. ಮಂಕರಿ ಗೊತ್ತೇ? ಬಿದಿರಿನ ದೊಡ್ಡ ಬುಟ್ಟಿ. ಮೇಲೆ ರುಬ್ಬುವ ಗುಂಡು ಹೇರಿಟ್ಟರೆ ಯಾವ ಮುಂಗುಸಿಯೂ ಎತ್ತಲಾರದು.

ಮುನಿಯಲ್ಲಮ್ಮ


9-1-2025

ಅಜ್ಜಿಯವರಿಗೆ,

ನಿನ್ನೆ ಖಾಲಿ ಬುಟ್ಟಿ ಇಳಿಸಿದಾಗ ನೀವು ಹಾಕಿದ ಕಾಗದ ಓದಿದೆ. ಕೋಪವಿಲ್ಲ. ನೀವು ಬೇರೆಯವರ ಹಾಗೆಯೇ ಒಳ್ಳೆಯದಕ್ಕೆ ಹೇಳಿದಿರಿ.

ಅಮ್ಮ ನನ್ನನ್ನು ಮುಂದಿನ ಕೋಣೆಗೆ ಹಾಕಿದ್ದರು. ಅಲ್ಲಿಂದ ಎದುರು ಕಟ್ಟಡದ ಗೋಡೆ ಕಾಣುತ್ತದೆ. ಟೆಸ್ಟಿನಲ್ಲಿ ಅಂಕ ಏರಲಿಲ್ಲ, ಇಳಿಯಿತು. ಎದುರು ಮನೆಯ ಟಿವಿ ಸದ್ದಿನಿಂದ ಹಾಗಾಗುತ್ತಿದೆ ಎಂದು ಮತ್ತೆ ಹಿಂದಿನ ಕೋಣೆಗೆ ಕಳಿಸಿದ್ದಾರೆ. ಬಲೆಯ ಒಂದು ಮೂಲೆಯನ್ನು ಬುಟ್ಟಿ ಹೋಗುವಷ್ಟು ಕತ್ತರಿಸಿದ್ದೇನೆ.

ಓದಿದ್ದು ನಿಲ್ಲುತ್ತಿಲ್ಲ. ಒಂದೇ ಪುಟವನ್ನು ಬೆಳಿಗ್ಗೆಯಿಂದ ನೋಡುತ್ತಿರುತ್ತೇನೆ. ಅಮ್ಮನಿಗೆ ಹೇಳಿದೆ. "ನಂಗೆ ಯಾರೂ ಇಷ್ಟು ಅವಕಾಶ ಕೊಡ್ಲಿಲ್ಲ ಹರ್ಷಿ, ಇನ್ನು ನಾಲ್ಕು ತಿಂಗಳು ತಡ್ಕೋ" ಎಂದು ಅತ್ತರು. ಅವರು ಅತ್ತ ಮೇಲೆ ನಾನು ಏನನ್ನೂ ಹೇಳುವುದು ಬಿಟ್ಟೆ.

ಮಂಕರಿ ಇಲ್ಲಿಂದ ಕಾಣುತ್ತದೆ. ಒಳಗಿನ ಕೋಳಿ ಕಾಣುವುದಿಲ್ಲ. ಆಗಾಗ ಮಂಕರಿ ಅಲುಗಾಡುತ್ತದೆ. ಅದು ಒಳಗೆ ಏನು ಮಾಡುತ್ತಿದೆ?

ಹರ್ಷಿತಾ


ಕೋಗಿಲು
27-1-2025

ಹರ್ಷಿತಾಳಿಗೆ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ತಡವಾಯಿತು. ಬರೆಯಲು ಮನಸ್ಸಿರಲಿಲ್ಲ.

ಬೆಳಿಗ್ಗೆ ನುಚ್ಚು, ನೀರು ಒಳಗೆ ಸರಿಸಿ ಮತ್ತೆ ಗುಂಡು ಹೇರುತ್ತಿದ್ದೆ. ಹಾಗೆ ಎಷ್ಟೋ ದಿನ ಹೊರಗೆ ಬಿಟ್ಟೇ ಇರಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ಕಸ ತೆಗೆಯಲೆಂದು ಮಂಕರಿ ಎತ್ತಿದೆ. ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಕ್ಕೆ ಅಂಟಿಕೊಂಡಿದ್ದವು. ತಾಯಿಯೇ ತುಳಿದಿತ್ತು. ಹೊರಗೆ ಬೆಕ್ಕೋ ಕಾಗೆಯೋ ಸದ್ದು ಮಾಡಿದಾಗ ರೆಕ್ಕೆ ಬಡಿದು ಸುತ್ತುತ್ತದೆ, ಸುತ್ತಲು ಜಾಗವಿಲ್ಲ, ಕಾಲ ಕೆಳಗೆ ಮರಿ. ಕಾಪಾಡಲು ಹೋಗಿಯೇ ತುಳಿದಿದೆ. ಅದರ ಎದೆಯ ಪುಕ್ಕವೆಲ್ಲ ಉದುರಿ ಚರ್ಮ ಕೆಂಪಾಗಿತ್ತು, ಒಂದು ಕಾಲು ಊದಿತ್ತು.

"ಅಮ್ಮ, ಮುಂಗ್ಸಿ ತಿಂದಿದ್ದು ನಾಲ್ಕು" ಎಂದು ಯೋಗಾನಂದ ಶುರುಮಾಡಿದ. ನಾನು ನೋಡಿದ ನೋಟಕ್ಕೆ ಬಾಯಿ ಮುಚ್ಚಿದ. ಸೊಸೆ ಮೊರದಲ್ಲಿ ಎತ್ತಿಕೊಂಡು ಹೋಗಿ ನುಗ್ಗೆಮರದ ಬುಡದಲ್ಲಿ ಹೂತಳು.

ಇನ್ನು ಮಂಕರಿ ಕವುಚುವುದಿಲ್ಲ. ಹಿತ್ತಿಲಿಗೆಲ್ಲ ಮೇಲಿನಿಂದ ನೈಲಾನ್ ಬಲೆ ಕಟ್ಟಿಸಿಬಿಡೋಣ ಎಂದಿದ್ದೇನೆ. ಅದರಡಿಯಲ್ಲಿ ಓಡಾಡಿಕೊಂಡಿರಲಿ.

ನಿನ್ನ ಬರಹ ಮೊದಲಿನ ಹಾಗಿಲ್ಲ, ಅಕ್ಷರ ಸಣ್ಣದಾಗಿದೆ. ಊಟ ಮಾಡುತ್ತೀಯೋ ಇಲ್ಲವೋ? ಎರಡು ಮೊಟ್ಟೆ ಬೇಯಿಸಿ ಇಟ್ಟಿದ್ದೇನೆ, ಬಿಸಿ ಇದ್ದಾಗಲೇ ತಿನ್ನು.

ಮುನಿಯಲ್ಲಮ್ಮ


18-2-2025

ಅಜ್ಜಿ,

ಹಿತ್ತಿಲಿಗೆ ಬಲೆ ಕಟ್ಟಿಸಬೇಡಿ. ಕಟ್ಟುವುದಿದ್ದರೂ ಈ ವಾರ ಬೇಡ.

ಮಧ್ಯಾಹ್ನ ಮೂರು ಗಂಟೆಗೆ ಕೋಳಿಗಳೆಲ್ಲ ನುಗ್ಗೆಮರದ ಆಚೆಯ ನೆರಳಿಗೆ ಹೋಗುತ್ತವೆ. ತೊಟ್ಟಿಯ ಪಕ್ಕದ ಜಾಗ ಖಾಲಿ ಇರುತ್ತದೆ. ನಾನು ತುಂಬಾ ದಿನ ನೋಡಿದ್ದೇನೆ. ಯಾವ ಕೋಳಿಗೂ ಪೆಟ್ಟಾಗುವುದಿಲ್ಲ.

ನೀವು ಆ ಹೊತ್ತಿನಲ್ಲಿ ಒಳಗೆ ಮಲಗಿರಿ.

ಮೊಟ್ಟೆ ಚೆನ್ನಾಗಿತ್ತು.

ಹರ್ಷಿತಾ


ಕೋಗಿಲು
20-2-2025

ರಾಧಾಮಣಿಯವರಿಗೆ,

ಮೊನ್ನೆ ನೀವು ಓಡಿ ಬಂದಾಗ ನಾನು ನಿಮ್ಮ ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದೆ. "ಯಾರ್ರೀ ನೀವು, ನಮ್ಮನೆ ಮುಂದೆ ಏನ್ ಮಾಡ್ತಿದೀರಾ?" ಎಂದು ಕೇಳಿದಿರಿ. ಹಾಲಿನ ಬೂತಿನಲ್ಲಿ ನೋಡಿದ ಮುಖ ಎಂದು ಕೂಡ ಆಗ ನಿಮಗೆ ಹೊಳೆಯಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ಕೊನೆಯ ತನಕ ಓದಿ, ಕೋಪ ಆಮೇಲೆ ಮಾಡಿಕೊಳ್ಳಿ.

ನಿಮ್ಮ ಮಗಳು ಮಂಗಳವಾರ ಮಧ್ಯಾಹ್ನ ನನಗೆ ಒಂದು ಕಾಗದ ಇಳಿಸಿದಳು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಆಗಸ್ಟ್ ತಿಂಗಳಿಂದ ನಾವು ಬುಟ್ಟಿಯಲ್ಲಿ ಕಾಗದ ಬರೆದುಕೊಳ್ಳುತ್ತಿದ್ದೇವೆ. ಮೊದಲ ಸಲ ಓದಿದಾಗ, ಕೋಳಿಗಳ ಮೇಲೆ ಎಷ್ಟು ಕಾಳಜಿ ಈ ಹುಡುಗಿಗೆ ಎಂದುಕೊಂಡೆ. ಸೊಂಟಕ್ಕೆ ಸಿಕ್ಕಿಸಿಕೊಂಡು, ಹೇಟೆಯ ಊದಿದ ಕಾಲಿಗೆ ಅರಿಶಿನ ಎಣ್ಣೆ ಹಚ್ಚಲು ಕೂತೆ. ಹಚ್ಚುತ್ತಿದ್ದ ಹಾಗೇ ಕೈ ನಿಂತಿತು. ಪೆಟ್ಟಾಗುವುದಿಲ್ಲ ಎಂದರೆ ಯಾವುದರಿಂದ ಪೆಟ್ಟು? ತಲೆಯೆತ್ತಿ ನೋಡಿದೆ. ಬುಟ್ಟಿ ಹೋಗುವಷ್ಟಿದ್ದ ಬಲೆಯ ತೂತು ಆಳು ಹೋಗುವಷ್ಟಾಗಿತ್ತು.

ಸೊಸೆಯನ್ನು ಕೂಗಿ ಹಿತ್ತಿಲಲ್ಲಿ ನಿಲ್ಲಿಸಿದೆ. "ಮೇಲೇ ನೋಡ್ತಿರು. ಆ ಹುಡ್ಗಿ ಕಂಡ್ರೆ ಏನಾದ್ರೂ ಮಾತಾಡ್ತಾನೇ ಇರು, ಬಿಡ್ಬ್ಯಾಡ" ಎಂದು ಹೇಳಿ ಹೊರಟೆ. ನಿಮ್ಮ ಗೇಟಿಗೆ ಹೋಗಬೇಕಾದರೆ ರಸ್ತೆ ಸುತ್ತಿ ಬರಬೇಕು. ಕಂಕುಳಲ್ಲಿ ಕೋಳಿ ಇರುವುದು ವಾಚ್‌ಮನ್ ಹೇಳಿದಾಗಲೇ ನನಗೆ ತಿಳಿದದ್ದು.

"ಅಮ್ಮ, ಎಲ್ಲಿಗೆ? ಕೋಳಿ ಒಳಗೆ ಬಿಡಂಗಿಲ್ಲ. ಅಸೋಸಿಯೇಷನ್ ರೂಲ್ಸು" ಎಂದ.

"ನೀನು ಕುರ್ಚಿ ಹಾಕ್ಕೊಂಡಿರೋ ಜಾಗ್ದಾಗೆ ನಾನು ರಾಗಿ ಬಡ್ದಿದ್ದೀನಿ ಕಣಪ್ಪ. ನಂಗೆ ರೂಲ್ಸ್ ಹೇಳ್ಬ್ಯಾಡ. ಮೂರ್ನೇ ಮಹಡಿ ಹಿಂದಿನ ಮನೆ ಬೀಗ್ದ ಕೈ ಯಾರತ್ರ ಐತೆ? ಆಯಮ್ಮಂಗೆ ಫೋನ್ ಮಾಡು. ಇರೋ ಕೆಲ್ಸ ಬಿಟ್ಟು ಈಗ್ಲೇ ಬಾ ಅನ್ನು."

ನಾಸಿರ್ ಎಂದು ಆ ಹುಡುಗನ ಹೆಸರು. ನನ್ನ ಮುಖ ನೋಡಿ ಮತ್ತೆ ರೂಲ್ಸಿನ ಮಾತಾಡಲಿಲ್ಲ. ಒಂದು ಕೈಯಲ್ಲಿ ನಿಮಗೆ ಫೋನು ಹಚ್ಚುತ್ತಾ ಇನ್ನೊಂದು ಕೈಯಲ್ಲಿ ಲಿಫ್ಟಿನ ಗುಂಡಿ ಒತ್ತಿದ. ಅವನಿಗೆ ನೀವು ಒಂದು ಮಾತು ಹೇಳಬೇಕು.

ಬಾಗಿಲು ತಟ್ಟಿ ಕೂಗಿದೆ.

"ಅಮ್ಮಣ್ಣೀ, ನಾನು ಕಣೇ. ಕೆಳಗಿನ ಮನೆ ಮುನಿಯಲ್ಲಮ್ಮ."

ಎಲ್ಲೋ ದೂರದಿಂದ, "ಅಜ್ಜಿ, ನೀವು ಇಲ್ಲಿಗೆ ಬರಲ್ಲ ಅಂದಿದ್ರಿ" ಎಂದಳು.

"ಬಂದಿದ್ದೀನಲ್ಲ. ಮಂಡಿ ನೋವು, ನಿಂತ್ಕೊಳಕ್ಕಾಗಲ್ಲ, ನೆಲದ ಮ್ಯಾಲೆ ಕೂತಿದ್ದೀನಿ. ನೀನೂ ಬಂದು ಬಾಗ್ಲಿಗೆ ಬೆನ್ನು ಕೊಟ್ಕೊಂಡು ಕೂತ್ಕೋ."

"ಯಾಕೆ?"

"ಹಿರೇರು ಹೇಳಿದ್ರೆ ಯಾಕೆ ಅನ್ಬಾರ್ದು. ಬಾ."

ಅವಳ ಹೆಜ್ಜೆ ಸದ್ದು ಕೇಳಿತು. ಬೆನ್ನು ಒರಗಿದಾಗ ಬಾಗಿಲು ಸ್ವಲ್ಪ ಅಲುಗಿತು. ಆಮೇಲೆ ನಾನು ಉಸಿರು ಬಿಟ್ಟೆ.

ಆದರೆ ಏನು ಮಾತಾಡುವುದು? ಬುದ್ಧಿ ಹೇಳುವುದು ಬಿಟ್ಟರೆ ನನಗೆ ಬೇರೆ ಮಾತು ಬರುವುದಿಲ್ಲ. ಅವಳಿಗೆ ಅದು ಆಗಲೇ ಹೆಚ್ಚಾಗಿತ್ತು.

"ಮೊಟ್ಟೆ ಒಳಗೆ ಮರಿ ಎಂಗಾಯ್ತದೆ ಹೇಳು. ನೀನು ಓದಿದ್ದೀಯಲ್ಲ" ಎಂದೆ.

"ಈಗ್ಲಾ?"

"ಈಗ್ಲೇ. ನಂಗೆ ಯಾರೂ ಹೇಳ್ಕೊಟ್ಟಿಲ್ಲ."

ಹೇಳಿದಳು. ಮೊದಮೊದಲು ತಡವರಿಸಿದಳು, ಆಮೇಲೆ ನೀರು ಹರಿದ ಹಾಗೆ. ಹೃದಯ ಎಷ್ಟು ಬೇಗ ಬಡಿಯಲು ಶುರುವಾಗುತ್ತದೆ, ಕಣ್ಣು ಹೇಗೆ ದೊಡ್ಡ ಚುಕ್ಕೆಯ ಹಾಗಿರುತ್ತದೆ, ಹಳದಿ ಹೇಗೆ ಹೊಟ್ಟೆಯೊಳಗೆ ಸೇರುತ್ತದೆ. ನಡುವೆ ನಿಂತರೆ ನಾನು ಬಿಡಲಿಲ್ಲ. "ಎಲ್ಲಾ ಕಡೆ ಮುಚ್ಚೈತಲ್ಲ, ಉಸ್ರು ಎಂಗೆ ಆಡ್ತದೆ?" ಎಂದು ಕೇಳಿದೆ.

"ಚಿಪ್ಪಲ್ಲಿ ಸಣ್ಣ ಸಣ್ಣ ತೂತಿರುತ್ತೆ ಅಜ್ಜಿ. ಸಾವಿರಾರು. ಕಣ್ಣಿಗೆ ಕಾಣಲ್ಲ."

"ಅಂಗಾದ್ರೆ ಕೋಳಿಗೆ ನನಗಿಂತ ಬುದ್ಧಿ ಐತೆ."

ಒಳಗಿನಿಂದ ಬಂದ ಸದ್ದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಆ ಹೊತ್ತಿಗೆ ಮಡಿಲಲ್ಲಿದ್ದ ಹೇಟೆ ಕೊಕ್ಕೊಕ್ ಎಂದಿತು. "ಅಜ್ಜಿ, ಕೋಳಿ ತಂದಿದೀರಾ?" ಎಂದಳು. "ಮರೆತು ತಂದೆ ಕಣೇ" ಎಂದೆ. "ಯಾವ್ದು, ಕಪ್ಪು ಮಚ್ಚೇದಾ? ಅದರ ಕಾಲು ಹೇಗಿದೆ?" ಎಂದು ಕೇಳಿದಳು. ಆಮೇಲೆ ಜೋರಾಗಿ ಅತ್ತಳು. ನಾನು ಬಾಗಿಲ ಮೇಲೆ ಕೈಯಿಟ್ಟುಕೊಂಡು ಕೂತೆ, ಅಳಬೇಡ ಎನ್ನಲಿಲ್ಲ. ನೀವು ಬಂದದ್ದು ಆಗ.

ಬೀಗ ತೆಗೆಯುವಾಗ ನಿಮ್ಮ ಕೈಯಿಂದ ಕೀಲಿಕೈ ಎರಡು ಸಲ ಬಿತ್ತು. ನೀವು ಒಳಗೆ ಓಡಿದಿರಿ, ಬೀಗ ಹೊಸ್ತಿಲ ಹತ್ತಿರ ಉಳಿಯಿತು. ಅದನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ. ಬೇರೆಯವರ ಮನೆಯ ಒಂದು ಕಡ್ಡಿ ಮುಟ್ಟಿದವಳಲ್ಲ ನಾನು. ಇದನ್ನು ಕೊಡುವುದಿಲ್ಲ. ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, ಗೊತ್ತು. ಕೊಳ್ಳುವ ಮುಂಚೆ ಅವಳ ಕಾಗದ ಇನ್ನೊಮ್ಮೆ ಓದಿ.

ಹಾಲಿನ ಬೂತಿನಲ್ಲಿ ನಾನು ನಿಮಗೆ ಹೇಳಿದ ಮಾತು ತಪ್ಪು. ನಿಮ್ಮ ಆಸ್ಪತ್ರೆಯಲ್ಲೇ ಮನಸ್ಸಿನ ಡಾಕ್ಟರು ಇರಬಹುದು. ಜೊತೆಯವರು ಏನೆನ್ನುತ್ತಾರೋ ಎಂದಿದ್ದರೆ ಬೇರೆ ಆಸ್ಪತ್ರೆಗೆ ಹೋಗಿ. ಈ ವಾರವೇ ಹೋಗಿ.

ಮುನಿಯಲ್ಲಮ್ಮ


10-3-2025

ಶ್ರೀಮತಿ ಮುನಿಯಲ್ಲಮ್ಮನವರಿಗೆ,

ನಿಮ್ಮ ಕಾಗದಕ್ಕೆ ಮೊದಲು ಒಂದು ಉತ್ತರ ಬರೆದಿದ್ದೆ. ಅದನ್ನು ಹರಿದು ಹಾಕಿದೆ. ನಮ್ಮ ಮನೆಯ ವಿಷಯದಲ್ಲಿ ನೀವು ಯಾರು ಎಂದು ಅದರಲ್ಲಿ ಕೇಳಿದ್ದೆ. ಮಗಳು ಸಾಯಲಿ ಎಂದು ನಾನು ಬೀಗ ಹಾಕಲಿಲ್ಲ. ಹಿಂದಿನ ವರ್ಷ ಅಂಕ ಬಂದ ದಿನ ಅವಳು ಹೇಳದೆ ಬಸ್ಸು ಹತ್ತಿ ಸಂಜೆಯ ತನಕ ಸಿಕ್ಕಿರಲಿಲ್ಲ. ಅವತ್ತಿನಿಂದ ನನಗೆ ಹೆದರಿಕೆ. ಒಳಗಿದ್ದರೆ ಸುರಕ್ಷಿತ ಎಂದುಕೊಂಡೆ. ನೀವಾದರೂ ಹೆಣ್ಣು ಮಗು ಬೆಳೆಸಿದ್ದರೆ ಗೊತ್ತಿರುತ್ತಿತ್ತು.

ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡುತ್ತಾರೆ. ನಿದ್ದೆ ಬರುತ್ತಿದೆ. ಮೇ ತಿಂಗಳ ಪರೀಕ್ಷೆ ಬರೆಯಬೇಕೋ ಬೇಡವೋ ಎಂಬುದನ್ನು ಅವಳಿಗೇ ಬಿಡಿ ಎಂದಿದ್ದಾರೆ. ಬಿಟ್ಟಿದ್ದೇನೆ. ಬಿಡುವುದು ಎಷ್ಟು ಕಷ್ಟ ಎಂದು ಡಾಕ್ಟರಿಗೆ ಗೊತ್ತಿದೆಯೋ ಇಲ್ಲವೋ.

ನನ್ನ ರಜೆ ಈ ಶುಕ್ರವಾರಕ್ಕೆ ಮುಗಿಯುತ್ತದೆ. ಇನ್ನಷ್ಟು ದಿನ ಅವಳನ್ನು ಒಬ್ಬಳೇ ಬಿಡಬಾರದು ಎಂದಿದ್ದಾರೆ. ಅವಳಪ್ಪನಿಗೆ ಇಲ್ಲಿಗೆ ಬಂದಿರಲು ಆಗುವುದಿಲ್ಲ. ನಮ್ಮವರು ಎಂದು ಈ ಊರಿನಲ್ಲಿ ಯಾರೂ ಇಲ್ಲ. ಈ ಮಾತು ಎದುರು ನಿಂತು ಕೇಳಲು ನನಗೆ ಆಗಲಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಅವಳು ನಿಮ್ಮ ಮನೆಯಲ್ಲಿ ಇರಬಹುದೆ? ಅವಳನ್ನೇ ಕೇಳಿದೆ. "ಅಜ್ಜಿ ಬೈತಾರೆ, ಆದ್ರೂ ಹೋಗ್ತೀನಿ" ಎಂದಳು.

ಬುಟ್ಟಿಯನ್ನು ಅವಳೇ ಇಳಿಸುತ್ತಾಳೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ರಾಧಾಮಣಿ


ಕೋಗಿಲು
11-3-2025

ರಾಧಾಮಣಿಯವರಿಗೆ,

ನನಗೆ ಹೆಣ್ಣುಮಕ್ಕಳಿಲ್ಲ ಎಂದು ನೀವು ಬರೆದದ್ದು ಸರಿ.

ಸೋಮವಾರದಿಂದ ಕಳಿಸಿ. ನಿಮಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಕೋಳಿಗಳನ್ನು ಈಗ ಬೆಳಿಗ್ಗೆಯೇ ಹೊರಗೆ ಬಿಡುತ್ತೇನೆ, ಬಲೆಯನ್ನೂ ಕಟ್ಟಿಸಲಿಲ್ಲ. ಬಿಟ್ಟಿದ್ದಕ್ಕೆ ಮುಂಗುಸಿ ಮೊನ್ನೆ ಒಂದು ಎಳೆಯ ಕೋಳಿ ಒಯ್ದಿತು. ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಆ ದಿನ ಊಟ ಸೇರಲಿಲ್ಲ. ಮಧ್ಯಾಹ್ನ ಮಲಗುವುದನ್ನು ಬಿಟ್ಟಿದ್ದೇನೆ, ಆದರೂ ಮೂರು ಗಂಟೆಗೆ ಕಣ್ಣು ಎಳೆಯುತ್ತದೆ. ಆ ಹೊತ್ತಿಗೆ ಹಿತ್ತಿಲಲ್ಲಿ ಕೂರುವವರು ಬೇಕು. ಸುಮ್ಮನೆ ಕೂತರೂ ಸಾಕು.

ನಮ್ಮಲ್ಲಿ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಅವಳು ತಿಂದಷ್ಟು ತಿನ್ನಲಿ, ನಾನು ತಟ್ಟೆ ನೋಡುವುದಿಲ್ಲ. ಪುಸ್ತಕ ತರುವುದೂ ಬಿಡುವುದೂ ಅವಳಿಷ್ಟ. ಮಾತ್ರೆಯ ಹೊತ್ತು ಸೊಸೆಗೆ ಹೇಳಿಕೊಡಿ, ನನಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ. ಬೈಯುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಮೊದಲ ವಾರ ಪ್ರಯತ್ನ ಮಾಡುತ್ತೇನೆ.

ಶನಿವಾರ ನಿಮಗೆ ಅರ್ಧ ದಿನವಂತೆ. ಬಂದು ಕರೆದುಕೊಂಡು ಹೋಗುವಾಗ ಗೇಟಿನಲ್ಲೇ ನಿಂತು ಕೂಗಬೇಡಿ, ಒಳಗೆ ಬನ್ನಿ. ಕಾಫಿ ಕುಡಿಯುವಷ್ಟು ಹೊತ್ತು ಕೂತರೆ ಪ್ರಪಂಚ ಮುಳುಗುವುದಿಲ್ಲ.

ಅವಳಿಗೆ ಒಳ್ಳೆಯ ಬಟ್ಟೆ ಹಾಕಿ ಕಳಿಸಬೇಡಿ. ಸೋಲದೇವನಹಳ್ಳಿಯಿಂದ ಯೋಗಾನಂದ ಒಂದು ಹೊಸ ಹುಂಜ ತಂದಿದ್ದಾನೆ. ಅದಕ್ಕೆ ಭಯವೂ ಇಲ್ಲ, ನಾಚಿಕೆಯೂ ಇಲ್ಲ. ಕೂತವರ ಹೆಗಲ ಮೇಲೆ ಹಾರಿ ಕೂರುತ್ತದೆ, ಕೂತರೆ ಬೇಗ ಇಳಿಯುವುದಿಲ್ಲ.

ಮುನಿಯಲ್ಲಮ್ಮ